ಹಿಂದಿನ ನಾಲ್ಕು ಟೈರ್ ತೆಗೆದು ಎರಡು ಅಗಲದ್ದು ಹಾಕಿಸ್ಬಹುದಾ?

ಗೌಡ್ರೇ, ನಿಮ್ಮ ಪ್ರಶ್ನೆ ಬೆಳಿಗ್ಗೆನೇ ನೋಡಿದ್ದೆ, ಲೋಡಿಂಗ್ ಇತ್ತು, ಈಗ ಕೂತೆ. ಅಮೆರಿಕದ ಅಳಿಯ ವಿಡಿಯೊ ಕಳ್ಸಿದಾರೆ, ಅಲ್ಲಿ ಜೋಡಿ ಟೈರ್ ಜಾಗದಲ್ಲಿ ಅಗಲದ್ದು ಒಂದೊಂದೇ ಹಾಕ್ತಾರೆ, ಡೀಸೆಲ್ ಉಳಿಯುತ್ತಂತೆ, ನಮ್ಮ ಆರು ಚಕ್ರದ ಲಾರಿಗೂ ಹಾಕಿಸಿದ್ರೆ ಶುಂಠಿ ಹೊಲದಲ್ಲಿ ಹೂತ್ಕೊಳ್ಳೋದೂ ತಪ್ಪುತ್ತಾ ಅಂತ ಕೇಳಿದೀರಿ. ನನ್ನ ಮಾತು ಕೇಳೋದಾದ್ರೆ ಬೇಡ. ಹಾಗಂತ ಅಳಿಯ ಸುಳ್ಳು ಹೇಳಿಲ್ಲ.

ಡೀಸೆಲ್ ಉಳಿಯೋದು ನಿಜ. ಟೈರ್ ಉರುಳುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಏಳುತ್ತೆ, ಇಂಜಿನ್ನಿನ ಒಂದಿಷ್ಟು ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತೆ. ಜೋಡಿಯಲ್ಲಿ ಒಂದು ಬದಿಗೆ ನಾಲ್ಕು ಗೋಡೆ, ಅಗಲದ್ದರಲ್ಲಿ ಎರಡೇ. ಡಿಸ್ಕ್ (ಟೈರ್ ಕೂರೋ ಲೋಹದ ಚಕ್ರ) ಕೂಡ ಒಂದೇ ಆಗೋದ್ರಿಂದ ಗಾಡಿ ತೂಕಾನೂ ಇಳಿಯುತ್ತೆ.

ಕತೆ ಕೆಡೋದು ತೂಕದ ಲೆಕ್ಕದಲ್ಲಿ. ನಿಮ್ಮ 10.00ಆರ್20 ಟೈರಿನ ಪಕ್ಕದಲ್ಲಿ 146/143 ಅಂತ ಇದ್ರೆ, ಒಂಟಿಯಾಗಿ 3000 ಕಿಲೊ, ಜೋಡಿಯಲ್ಲಿ ತಲಾ 2725 ಕಿಲೊ ಹೊರುತ್ತೆ ಅಂತ ಅರ್ಥ. ನಾಲ್ಕು ಸೇರಿ 10,900. ಅಮೆರಿಕದಲ್ಲಿ ಓಡೋ ಅಗಲದ 445/50ಆರ್22.5 ಟೈರ್ ಸಾಮಾನ್ಯವಾಗಿ 161ರದ್ದು, ಅಂದ್ರೆ 4625 ಕಿಲೊ. ಎರಡಕ್ಕೆ 9250. ಅವರ ಹೆದ್ದಾರಿಯಲ್ಲಿ ಒಂದು ಆಕ್ಸಲ್ (ಎರಡೂ ಬದಿಯ ಚಕ್ರ ಸೇರಿಸೋ ಅಡ್ಡದಂಡ) ಮೇಲೆ 9 ಟನ್ ಚಿಲ್ಲರೆಗಿಂತ ಜಾಸ್ತಿ ಹೇರೋ ಹಾಗಿಲ್ಲ, ಹಾಗಾಗಿ ಅವರಿಗೆ ಸಾಕು. ನಮ್ಮಲ್ಲಿ ನಾಲ್ಕು ಟೈರಿನ ಆಕ್ಸಲ್‌ಗೆ ಮೊದಲೇ 10.2 ಟನ್ ಇತ್ತು, 2018ರಲ್ಲಿ 11.5 ಮಾಡಿದ್ರು. ಹಳೇ ಲೆಕ್ಕಕ್ಕೇ ಒಂದು ಟನ್ ಹತ್ತತ್ರ ಕಮ್ಮಿ. ಇನ್ನು ಕಾಗದದಲ್ಲಿರೋ ಲೋಡಿಗೇ ನಾವು ನಿಲ್ತೀವಾ, ನೀವೇ ಹೇಳಿ!

ಹಬ್, ಅಂದ್ರೆ ಡಿಸ್ಕ್ ಬಿಗಿಯೋ ನಡುಭಾಗದ ವಿಷಯ ಇನ್ನೊಂದು. ಜೋಡಿ ಡಿಸ್ಕ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತೆ, ಭಾರ ಎರಡರ ನಡುವೆ, ಬೇರಿಂಗ್ ಹತ್ರನೇ ಬೀಳುತ್ತೆ. ಅಲ್ಲಿಗೆ ಸಿಕ್ಕಿದ ಅಗಲದ ಡಿಸ್ಕ್ ಬಿಗಿದ್ರೆ ಭಾರ ಹೊರಗೋ ಒಳಗೋ ಜರುಗುತ್ತೆ, ಬೇರಿಂಗ್ ತಿನ್ನೋಕೆ ಶುರು. ಆರ್‌ಸಿ ಬೇರೆ ಇದೆ. ಕಂಪನಿ ಕೊಟ್ಟಿದ್ದನ್ನ ಹೀಗೆ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, ಅಪಘಾತ ಆದಾಗ ಇನ್ಶೂರೆನ್ಸಿನವರು ಮೊದಲು ಎತ್ತೋ ತಕರಾರೇ ಅದು.

ನನಗೆ ಜೋಡಿ ಟೈರಿನ ಬೆಲೆ ಗೊತ್ತಾಗಿದ್ದು ಶಿರಾ ಹತ್ರ. ದಾವಣಗೆರೆಯಿಂದ ನಾಮಕ್ಕಲ್ಲಿಗೆ ಮೆಕ್ಕೆಜೋಳ, ಪೂರ್ತಿ ಲೋಡು. ಎಡಗಡೆ ಒಳಟೈರ್ ಗಾಳಿ ಇಳಿದಿದ್ದು ಗೊತ್ತೇ ಆಗಿಲ್ಲ, ಹೊರಗಿಂದ ನೋಡಿದ್ರೆ ಎಲ್ಲಾ ಸರಿ. ರಬ್ಬರ್ ಸುಟ್ಟ ವಾಸನೆ ಬಂತು, ಬದಿಗೆ ಹಾಕಿ ಇಳಿದೆ. ಹೊರಟೈರ್ ಒಂದೇ ಅಷ್ಟೂ ಭಾರ ಹೊತ್ತು ಮುಟ್ಟೋಕಾಗದಷ್ಟು ಕಾದಿತ್ತು. ತಪ್ಪು ನಂದೇ, ಹೊರಡೋವಾಗ ರಾಡಿಂದ ಬಡಿದು ನೋಡಿರ್ಲಿಲ್ಲ. ಆದ್ರೂ ಗಾಡಿ ವಾಲದೆ ನೆಟ್ಟಗೆ ನಿಂತಿತ್ತು. ಸ್ಟೆಪ್ನಿ ಹಾಕ್ಕೊಂಡು ಹೊರಟೆ. ಒಂಟಿ ಟೈರಾಗಿದ್ರೆ ರಿಮ್ಮಿನ ಮೇಲೇ ಕೂತು, ಲೋಡೆಲ್ಲಾ ಆ ಬದಿಗೆ ವಾಲ್ತಿತ್ತು. ನಮ್ಮ ಕಡೆ ಪಂಕ್ಚರ್ ಅಂಗಡಿಯವನಿಗೆ ಆ ಅಳತೆ ಟೈರ್ ಎಲ್ಲಿ ಸಿಗುತ್ತೆ?

ಇನ್ನು ಕೆಸರು. ಇಲ್ಲಿ ಮಾತ್ರ ಒಂಟಿ ಟೈರಿಗೆ ಅರ್ಧ ಅಂಕ ಕೊಡ್ತೀನಿ. ಜೋಡಿ ಹಿಂದೆ ಬಂದಾಗ ಮುಂದಿನ ಚಕ್ರ ಮಾಡಿದ ಜಾಡಲ್ಲಿ ಪೂರ್ತಿ ಕೂರಲ್ಲ, ಹೊಸ ಮಣ್ಣು ಸೀಳ್ಬೇಕು. ಮಧ್ಯದ ಸಂದಿಗೆ ಮಣ್ಣು, ಕಲ್ಲು ಬೇರೆ ಕಚ್ಕೊಳ್ಳುತ್ತೆ. ಒಂಟಿಯಾದ್ರೆ ಹಿಂದಿನದು ಮುಂದಿನದರ ಜಾಡಲ್ಲೇ ಹೋಗೋ ಹಾಗೆ ಮಾಡ್ಬಹುದು. ಆದರೆ ಟೈರು ಮಣ್ಣನ್ನ ಒತ್ತೋದು ಹೆಚ್ಚುಕಮ್ಮಿ ಒಳಗಿನ ಗಾಳಿಯಷ್ಟೇ ಜೋರಾಗಿ. ನೂರು ಪೌಂಡ್ ಮೇಲೆ ಗಾಳಿ ಹಿಡಿದಿದ್ರೆ ಅಗಲದ್ದೂ ಹೂತ್ಕೊಳ್ಳುತ್ತೆ. ಗಾಳಿ ಇಳಿಸಿದ್ರೆ ಲೋಡ್ ಹೊರಲ್ಲ. ಅದಕ್ಕೆ ಶುಂಠಿ ಮೂಟೆನ ಟ್ರ್ಯಾಕ್ಟರ್ ಟ್ರೇಲರಲ್ಲಿ ರಸ್ತೆವರೆಗೆ ತಂದು ಲಾರಿಗೆ ಹಾಕ್ಸಿ. ಕೂಲಿ ಒಂದಿಷ್ಟು ಜಾಸ್ತಿ, ಜೆಸಿಬಿ ಕರೆಸೋದಕ್ಕಿಂತ ಅಗ್ಗ.

ಡೀಸೆಲ್ ಉಳಿಸ್ಬೇಕು ಅಂದ್ರೆ ಇರೋ ಜೋಡಿನೇ ಸರಿಯಾಗಿ ನೋಡ್ಕೊಳ್ಳಿ. ಒಳಟೈರಿಗೆ ಉದ್ದ ವಾಲ್ವ್ ಹಾಕ್ಸಿ, ಇಲ್ದಿದ್ರೆ ಕ್ಲೀನರ್ ಅದಕ್ಕೆ ಗಾಳಿ ನೋಡೋದೇ ಇಲ್ಲ (ನಮ್ಮವನೂ ಅಷ್ಟೇ). ಹೊಸ ಟೈರ್ ಪಕ್ಕ ಸವೆದಿದ್ದನ್ನ ಜೋಡಿ ಮಾಡ್ಬೇಡಿ. ಟೇಪ್ ಹಿಡಿದು ಸುತ್ತಳತೆ ನೋಡಿ, ಎರಡು ಸೆಂಟಿಮೀಟರ್ ಒಳಗೇ ವ್ಯತ್ಯಾಸ ಇರ್ಲಿ. ಅದಕ್ಕಿಂತ ಜಾಸ್ತಿ ಇದ್ರೆ ದೊಡ್ಡದು ಭಾರ ಹೊರುತ್ತೆ, ಸಣ್ಣದು ರಸ್ತೆ ಮೇಲೆ ಉಜ್ಕೊಂಡು ಸವೆಯುತ್ತೆ. ಅಲ್ಪಸ್ವಲ್ಪ ಸವೆದಿದ್ದನ್ನ ಒಳಗೆ ಹಾಕ್ಸಿ. ಹೊಲದಿಂದ ರಸ್ತೆಗೆ ಹತ್ತಿದ ತಕ್ಷಣ ಇಳಿದು ಸಂದಿ ನೋಡಿ, ಕಲ್ಲಿದ್ರೆ ಹಾರೆಯಿಂದ ಎಬ್ಬಿಸಿ. ಅದು ಎರಡೂ ಟೈರಿನ ಪಕ್ಕ ಕೊರೆಯುತ್ತೆ, ಜೋರಲ್ಲಿ ಹಾರಿದ್ರೆ ಹಿಂದೆ ಬರೋ ಕಾರಿನ ಗಾಜಿಗೇ.

ಟೈರ್ ಪಕ್ಕದ ನಂಬರ್ ಕಾಣೋ ಹಾಗೆ ಒಂದು ಫೋಟೊ ಹಾಕಿ. ನಾಲ್ಕೂ ಟೈರಿಂದು.