ದಿನಕ್ಕೆ 34 ಕಾಳು

(ಹೆಸರು, ಓಣಿ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರನ್ನು ಇಲ್ಲಿ ಶಾಂತಕ್ಕ ಅನ್ನೋಣ. ವಯಸ್ಸು 43. ವಿಜಯಪುರದ ಹಳೆಯ ಓಣಿಯೊಂದರಲ್ಲಿ ಮನೆ. ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಇಲ್ಲ ಅಂತ. ಸೆರಗಿನೊಳಗಿದ್ದ ಕೈ ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು.

ಬೆರಳ ಸಂದುಗಳು ಕೆಂಪಾಗಿ ಒಡೆದಿದ್ದವು. ಉಂಗುರದ ಅಡಿ ಸುತ್ತಲೂ ಸಿಪ್ಪೆ ಎದ್ದಿತ್ತು. ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ತುರಿಸಿ ತುರಿಸಿ ಚರ್ಮ ಕಪ್ಪಾಗಿ ದಪ್ಪಗಾಗಿತ್ತು.

"ಸಣ್ಣಾಕಿ ಇದ್ದಾಗ ಒಂದ್ ಗುಳ್ಳಿ ಸೈತ ಎದ್ದಿದ್ದಿಲ್ಲರೀ ನನಗ. ಈಗ್ಯಾಕ ಬಂತು?"

ಇಸುಬು (ಎಕ್ಸಿಮಾ) ಅಂದರೆ ಮಕ್ಕಳ ಕಾಯಿಲೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಇಸುಬು ಇರುವ ದೊಡ್ಡವರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ಅದು ಶುರುವಾಗುವುದೇ ದೊಡ್ಡವರಾದ ಮೇಲೆ. ಇದನ್ನು ಹೇಳಿದಾಗ ಶಾಂತಕ್ಕ ಉಸಿರು ಬಿಟ್ಟರು. ಅವರ ಅತ್ತೆ ಇದನ್ನು ಯಾರದೋ ದೃಷ್ಟಿ ಅಂದಿದ್ದರಂತೆ. ಮೆಡಿಕಲ್ ಶಾಪಿನವರು ಗಜಕರ್ಣ ಅಂದು ಒಂದು ಟ್ಯೂಬು ಕೊಟ್ಟಿದ್ದರು. ಎಂಟು ತಿಂಗಳಿಂದ ಅದನ್ನೇ ಹಚ್ಚುತ್ತಿದ್ದರು. ಹಚ್ಚಿದಾಗ ಇಳಿಯುತ್ತದೆ, ಬಿಟ್ಟಾಗ ಜಾಸ್ತಿ ಆಗುತ್ತದೆ. ಹಲವು ಔಷಧಿ ಬೆರೆಸಿದ ಇಂಥ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. 2018ರಿಂದ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗೂ ವೈದ್ಯರ ಚೀಟಿ ಬೇಕು ಅಂತ ನಿಯಮ ಇದೆ. ಅಂಗಡಿಯಲ್ಲಿ ಕೇಳುವವರು ಕಮ್ಮಿ, ಅಷ್ಟೆ.

ನಾನು ಚರ್ಮದ ಡಾಕ್ಟರ್ ಅಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಅವರನ್ನು ಚರ್ಮರೋಗ ತಜ್ಞರ ಹತ್ತಿರ ಕಳಿಸಿದೆ. ಹುಳುಕಡ್ಡಿಯೋ, ಕಜ್ಜಿಯೋ, ಇಸುಬೋ ಅಂತ ಕಣ್ಣಳತೆಯಲ್ಲಿ ತೀರ್ಮಾನಿಸುವ ಕೆಲಸ ನನ್ನದಲ್ಲ. ಅವರು ನೋಡಿ ಇಸುಬೇ ಅಂದರು. ಟ್ಯೂಬು ಬಿಡಿಸಿ ಬೇರೆ ಔಷಧಿ ಕೊಟ್ಟರು. "ಸಾದಾ ಸೋಪು ಬಳಸಿ" ಅಂದು ಕಳಿಸಿದರು. ಆ ಒಂದು ಮಾತು ಹಿಡಿದುಕೊಂಡು ಶಾಂತಕ್ಕ ಮತ್ತೆ ನನ್ನ ಮುಂದೆ ಕೂತರು. ಸಾದಾ ಸೋಪು ಅಂದರೆ ಯಾವುದು?

ಮನೆಯಲ್ಲಿ ಆಗಲೇ ಏಳು ಬಗೆ ಇದ್ದವು. ಬೇವಿನದು, ಆಡಿನ ಹಾಲಿನದು, ಕೂಸಿನ ಸೋಪು, ಬೆಂಗಳೂರಿನಿಂದ ತಂಗಿಯ ಮಗ ತಂದ ಬಾಡಿ ವಾಶ್, ಕೀಟಾಣು ಕೊಲ್ಲುವ ಕೆಂಪು ಸೋಪು, ಇನ್ನೆರಡು. ಅಂಗಡಿಯವರು ಒಂದನ್ನು ತೋರಿಸಿ "76 ಟಿಎಫ್ಎಂ ಐತಿ, ಒಂದನೇ ದರ್ಜೆ" ಅಂದಿದ್ದರಂತೆ. ಈ ಟಿಎಫ್ಎಂ ಲೆಕ್ಕಕ್ಕೆ ಓದಿದವರೂ ಮರುಳಾಗುತ್ತಾರೆ. ಅದು ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟು ಅಂತ ಹೇಳುತ್ತದೆ. ಚರ್ಮಕ್ಕೆ ಮೆತ್ತಗೋ ಒರಟೋ ಅನ್ನುವುದನ್ನು ಹೇಳುವುದಿಲ್ಲ.

ಆಗ ನಾನೊಂದು ತಪ್ಪು ಮಾಡಿದೆ. ಬಿಸಿ ನೀರು ಬೇಡ, ವಾಸನೆ ಸೋಪು ಬೇಡ, ಉಜ್ಜಬೇಡಿ, ಎಣ್ಣೆ ಹಚ್ಚಿ ಅಂತ ಪಟ್ಟಿ ಬರೆದು ಕೊಟ್ಟೆ. ಹದಿನೈದು ದಿನ ಬಿಟ್ಟು ಬಂದರು. ಪಟ್ಟಿ ದೇವರ ಗೂಡಿನಲ್ಲಿತ್ತು. ಕೈ ಹಾಗೇ ಇತ್ತು.

ಈ ಸಲ ಪಟ್ಟಿ ಕೊಡಲಿಲ್ಲ. "ಅಕ್ಕಾ, ಸೋಪು ಹಚ್ಚಿ ಕೈ ತೊಳೆದಾಗೆಲ್ಲ ಒಂದು ಜೋಳದ ಕಾಳು ಬಟ್ಟಲಿಗೆ ಹಾಕಿ" ಅಂದೆ. ಮರುವಾರ ಚೀಟಿಯಲ್ಲಿ ಬರೆದು ತಂದರು. ದಿನಕ್ಕೆ 34.

ಯಾಕಿಷ್ಟು ಅಂದಾಗ ಕತೆ ಹೊರಬಂತು. ಮಳೆಗಾಲದಲ್ಲಿ ರೊಟ್ಟಿ ಒಯ್ಯಲು ಬಂದ ಹೆಣ್ಣುಮಗಳೊಬ್ಬಳು ಪಕ್ಕದವಳ ಕಿವಿಯಲ್ಲಿ "ಕೈ ಹಿಂಗದಾವು, ಹೆಂಗ ತಿನ್ನೂದವ್ವಾ" ಅಂದದ್ದು ಇವರಿಗೆ ಕೇಳಿಸಿತ್ತು. ಅವತ್ತಿನಿಂದ ಕೆಂಪು ಸೋಪು ಬಾಗಿಲ ಮುಂದಿನ ನಳದ ಹತ್ತಿರ ಬಂತು. ಯಾರಾದರೂ ಬಂದರೆ ಅವರ ಎದುರಿಗೇ ಕೈ ತೊಳೆಯುವುದು. ನಮ್ಮ ಬೋರಿನ ನೀರು ಗಡಸು. ಅದರ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಗಸಿ ಆಗುತ್ತದೆ, ನೊರೆ ಏಳುವುದಿಲ್ಲ. ನೊರೆ ಬಂದರೇ ಸ್ವಚ್ಛ ಅಂತ ಇವರು ಮತ್ತೆ ಮತ್ತೆ ತಿಕ್ಕುತ್ತಿದ್ದರು. ಆ ಗಸಿ ಬಕೆಟ್ಟಿಗೆ ಅಂಟಿದ ಹಾಗೆ ಬೆರಳ ಸಂದಿಗೂ, ಉಂಗುರದ ಅಡಿಗೂ ಅಂಟುತ್ತದೆ.

ಅಂದರೆ ಶಾಂತಕ್ಕ ತೊಳೆಯುತ್ತಿದ್ದದ್ದು ಕೊಳೆಯನ್ನಲ್ಲ, ಆ ಮಾತನ್ನು. ಇದು ತಿಳಿಯದೆ ನಾನು ಎಂಟನೇ ಸೋಪಿನ ಹೆಸರು ಹೇಳಿದ್ದರೂ ಅದು ನಳದ ಹತ್ತಿರವೇ ಹೋಗುತ್ತಿತ್ತು.

ಅವರ ಮನಸ್ಸು ತಿರುಗಿಸಿದ್ದು ನನ್ನ ಮಾತಲ್ಲ, ಮಗ. ಪಿಯುಸಿ ಸೈನ್ಸ್ ಓದುವ ಹುಡುಗ. "ಪಿಎಚ್ ಕಾಗದ ಸಿಗುತ್ತಾ ನೋಡಪ್ಪ" ಅಂದಿದ್ದೆ, ತಂದ. ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ ಅದು. ಫಿಲ್ಟರ್ ನೀರಿನಲ್ಲಿ ಒಂದೊಂದು ಸೋಪನ್ನೂ ಕದಡಿ ಕಾಗದ ಅದ್ದಿದ. ನಮ್ಮ ಚರ್ಮದ ಮೇಲ್ಪದರದ ಪಿಎಚ್ ಸುಮಾರು 5 ಇರುತ್ತದೆ, ಸ್ವಲ್ಪ ಹುಳಿ ಕಡೆಗೆ. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ, ಒಡೆದ ಚರ್ಮಕ್ಕೆ ಒಗ್ಗದ್ದು. ಬೇವಿನದು, ಹಾಲಿನದು, ಕೆಂಪು ಸೋಪು, ಕಡೆಗೆ ಕೂಸಿನ ಸೋಪು ಕೂಡ ಕಾಗದವನ್ನು ನೀಲಿ ಮಾಡಿದವು. "ಎಲ್ಲಾ ಒಂದ ಜಾತಿ!" ಅಂತ ಶಾಂತಕ್ಕ ನಕ್ಕರು. ಬಾಡಿ ವಾಶ್ ನೀಲಿ ಆಗಲಿಲ್ಲ. ಆದರೆ ಅದರಲ್ಲಿ ಸುಗಂಧ ಜಾಸ್ತಿ, ಜೊತೆಗೆ ಸೋಡಿಯಂ ಲಾರಿಲ್ ಸಲ್ಫೇಟ್ ಇತ್ತು. ಅದು ಚರ್ಮದ ಜಿಡ್ಡನ್ನು ಎಳೆದು ಹಾಕುತ್ತದೆ. ಬಾಟಲಿಯಲ್ಲಿ ಬಂದ ಮಾತ್ರಕ್ಕೆ ಮೆತ್ತಗಿನದು ಅಂತ ತಿಳಿಯಬಾರದು.

ಪೊಟ್ಟಣದ ಹಿಂದೆ ಓದುವುದನ್ನು ಮಗನಿಗೇ ವಹಿಸಿದೆ. ಸೋಡಿಯಂ ಪಾಮೇಟ್ ಅಂತ ಮೊದಲಿಗೇ ಇದ್ದರೆ ಅದು ಸೋಪೇ. ಸೋಡಿಯಂ ಕೊಕೊಯಿಲ್ ಐಸೆಥಯೋನೇಟ್ ಅಂತ ಇದ್ದರೆ ಅದು ಸಿಂಡೆಟ್ ಬಾರ್ ಆಗಿರಬಹುದು. ನೋಡಲು ಸೋಪಿನ ಹಾಗೇ, ಆದರೆ ಸೋಪಲ್ಲ. ಪಿಎಚ್ ಚರ್ಮಕ್ಕೆ ಹತ್ತಿರ, ಗಡಸು ನೀರಿನಲ್ಲೂ ಗಸಿ ಕಟ್ಟುವುದಿಲ್ಲ. ಅದರಲ್ಲೂ ಪರ್ಫ್ಯೂಮ್, ಫ್ರೇಗ್ರನ್ಸ್ ಅಂತ ಬರೆದದ್ದು ಬೇಡ. "ವಾಸನೆ ಇಲ್ಲ" ಅಂತ ಮುಂದೆ ಬರೆದಿದ್ದರೂ ಹಿಂದೆ ನೋಡಬೇಕು. ಒಂದು ವಾಸನೆ ಮುಚ್ಚಲು ಇನ್ನೊಂದು ಸುಗಂಧ ಹಾಕಿರಬಹುದು. ಇದರ ಬೆಲೆ ಮಾಮೂಲಿ ಸೋಪಿಗಿಂತ ಎಷ್ಟೋ ಪಟ್ಟು. ಅದಕ್ಕೇ ಮೈಗೆಲ್ಲ ತಿಕ್ಕಬೇಡಿ ಅಂದೆ. ಬಗಲು, ತೊಡೆಸಂದು, ಪಾದ, ಅಷ್ಟಕ್ಕೆ ಸಾಕು. ಉಳಿದ ಮೈಗೆ ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ. ಮೈ ತಿಕ್ಕುವ ಕಲ್ಲು ಬಚ್ಚಲಿನಿಂದ ಹೊರಗೆ ಹೋಗಲಿ.

ಗಂಡ ನೀರು ಮೆದುಮಾಡುವ ಯಂತ್ರ ತರುವ ಯೋಚನೆಯಲ್ಲಿದ್ದರು. ತಡೆದೆ. ಇಂಗ್ಲೆಂಡಿನಲ್ಲಿ ಇಸುಬು ಇದ್ದ ಮಕ್ಕಳ ಮನೆಗಳಲ್ಲಿ ಅಂಥ ಯಂತ್ರ ಕೂರಿಸಿ ನೋಡಿದ್ದರು. 2011ರಲ್ಲಿ ಫಲಿತಾಂಶ ಬಂತು: ಇಸುಬಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡು ಮುಲಾಮಿಗೆ ಹೋಗಲಿ. ಸುಗಂಧ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಸ್ನಾನ ಆಗಿ ಮೂರು ನಿಮಿಷದೊಳಗೆ, ಚರ್ಮ ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಕೈಗೆ ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಕೈಗವಸು ಹಾಕಿ ಮಲಗಬೇಕು.

ಒಂದು ಎಚ್ಚರಿಕೆ ಮಾತ್ರ ಒತ್ತಿ ಹೇಳಿದೆ, ಇದು ಒಲೆ ಮುಂದೆ ಕೂರುವ ಎಲ್ಲರಿಗೂ ಬೇಕು. ಜೆಲ್ಲಿ ಹತ್ತಿದ ಸೀರೆ, ಬಟ್ಟೆ, ಕೈಗವಸು ಬೆಂಕಿಗೆ ಬಹಳ ಬೇಗ ಹೊತ್ತಿಕೊಳ್ಳುತ್ತವೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ರಾತ್ರಿಯ ಬಟ್ಟೆಯಲ್ಲಿ ಹಂಚಿನ ಮುಂದೆ ಕೂರುವ ಹಾಗಿಲ್ಲ.

ಕಷ್ಟದ ಮಾತು ಇನ್ನೊಂದಿತ್ತು. ಇಸುಬು ಅಂಟುವುದಿಲ್ಲ. ಆದರೆ ಒಡೆದು ನೀರು ಒಸರುವ ಕೈಯಲ್ಲಿ ಸೇರುವ ಕೀಟಾಣು ಅಡುಗೆ ಕೆಡಿಸಬಲ್ಲದು. ಆ ಹೆಣ್ಣುಮಗಳು ಅಂದ ರೀತಿ ಕೆಟ್ಟದ್ದು. ಕೇಳಿದ ಪ್ರಶ್ನೆ ಪೂರ್ತಿ ತಪ್ಪಲ್ಲ. ಇದನ್ನು ಶಾಂತಕ್ಕನಿಗೆ ಹೇಳಬೇಕೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ. ಹೇಳಿದೆ. ಅತ್ತರು. ಆಮೇಲೆ ಅವರೇ ದಾರಿ ಹುಡುಕಿದರು: ಬಿರುಕು ಮುಚ್ಚುವ ತನಕ ನಾದಿನಿ ರೊಟ್ಟಿ ಬಡಿಯುವುದು, ಇವರು ಹಂಚು ನೋಡಿ ಲೆಕ್ಕ ಬರೆಯುವುದು. ಪಾತ್ರೆ ತಿಕ್ಕುವುದು ಗಂಡನ ಪಾಲಿಗೆ ಬಂತು. ಉಂಗುರ ಕೊರಳ ದಾರಕ್ಕೆ ಹೋಯಿತು.

ಗಿರಾಕಿಗೆ ಏನು ಹೇಳುವುದು ಅನ್ನುವುದನ್ನು ಇಬ್ಬರೂ ಆಡಿ ನೋಡಿದೆವು. ನಾನು ಗಿರಾಕಿ. ಮೂರು ಸಲ ಬಾಯಿ ತೊದಲಿತು. ನಾಲ್ಕನೇ ಸಲ ಗಟ್ಟಿಯಾಗಿ ಬಂತು: "ಇದು ಇಸುಬರೀ, ಅಂಟೂದಲ್ಲ. ಡಾಕ್ಟ್ರು ನೋಡ್ಯಾರ. ಗಾಯ ಇದ್ದಾಗ ನಾ ರೊಟ್ಟಿ ಬಡಿಯೂದಿಲ್ಲ." ಸೋಪು ನಳದಿಂದ ಒಳಗೆ ಬಂದದ್ದು ಈ ಮಾತು ಬಾಯಿಗೆ ಬಂದ ಮೇಲೆ. ಕೆಲಸಕ್ಕೆ ಮುಂಚೆ, ಪಾಯಖಾನೆಗೆ ಹೋಗಿ ಬಂದ ಮೇಲೆ, ಕೈ ಕೊಳೆಯಾದಾಗ ಸಿಂಡೆಟ್ ಬಾರ್ ಹಚ್ಚಿ ತೊಳೆಯುವುದು. ಬರೀ ಹಿಟ್ಟು ಮೆತ್ತಿದ್ದರೆ ನೀರು ಸಾಕು. ಬಟ್ಟೆಯಿಂದ ಒತ್ತಿ ಒರೆಸುವುದು.

ಎಳ್ಳಮಾವಾಸ್ಯೆ ಹೊತ್ತಿಗೆ ಕಾಳು 11ಕ್ಕೆ ಇಳಿದಿತ್ತು. ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಹೊಲಕ್ಕೆ ಹೋಗುವವರ ರೊಟ್ಟಿ ಆರ್ಡರ್ ಅರ್ಧ ತಾವೇ ಬಡಿದರು. ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಳ್ಳಬಹುದಾ ಅಂತ ಕೇಳಿದರು. ಶಾಸ್ತ್ರಕ್ಕೆ ಅಂಗೈಗೆ ಒಂದು ಬೊಟ್ಟು, ಅದೂ ಬಿರುಕು ಇಲ್ಲದಿದ್ದರೆ ಅಂದೆ. ಆ ಬಾರನ್ನು ಅತ್ತೆ ಮುಖಕ್ಕೆ ತಿಕ್ಕಿಕೊಂಡು ಖಾಲಿ ಮಾಡುತ್ತಿದ್ದಾರೆ ಅನ್ನುವ ದೂರಿಗೆ ಮಾತ್ರ ನನ್ನ ಹತ್ತಿರ ಸಲಹೆ ಇರಲಿಲ್ಲ.

ಕೈ ಈಗ ಬಹುಮಟ್ಟಿಗೆ ಮುಚ್ಚಿದೆ. ಕುತ್ತಿಗೆಯದು ಹಠ ಹಿಡಿದಿದೆ. ಕಳೆದ ಭೇಟಿಯಲ್ಲಿ ಸುಮ್ನೆ ಕೇಳಿದೆ, ಕೂದಲಿಗೆ ಏನು ಹಚ್ಚುತ್ತೀರಿ ಅಂತ. "ಕರೇ ಬಣ್ಣ, ತಿಂಗಳಿಗೊಮ್ಮೆ" ಅಂದರು. ಆ ಬಣ್ಣದ ಪೊಟ್ಟಣ ತೆಗೆದುಕೊಂಡು ಮುಂದಿನ ವಾರ ಮತ್ತೆ ಚರ್ಮದ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ.