ಹ್ಯಾಮ್‌ಸ್ಟರ್ ಮರಿ ಹಾಕುವ ಕಾಲಕ್ಕೂ ಥೈರಾಯ್ಡ್‌ಗೂ ಏನು ಸಂಬಂಧ?

'ಹ್ಯಾಮ್‌ಸ್ಟರ್‌ನಂಥ ಸಣ್ಣ ಪ್ರಾಣಿಗಳು ಬೇಸಿಗೆಯಲ್ಲಿ ಮಾತ್ರ ಮರಿ ಹಾಕುವುದಕ್ಕೆ ಥೈರಾಯ್ಡ್ ಹಾರ್ಮೋನ್ ಕಾರಣವಂತೆ. ಆ ಕಾಲಕ್ಕೆ ಅವುಗಳ ರಕ್ತದಲ್ಲಿ ಥೈರಾಯ್ಡ್ ಏರುತ್ತಾ?' ಅಂತ ಕೇಳಿದ್ದೀರಿ.

ರಕ್ತದಲ್ಲಿ ಅಲ್ಲ, ಏರುವುದು ಮಿದುಳಿನ ಒಂದು ಮೂಲೆಯಲ್ಲಿ. ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವನು, ನನ್ನ ವಿದ್ಯಾರ್ಥಿಗಳೂ ಎಡವುವುದು ಇಲ್ಲೇ.

ನಿಮ್ಮ ಮನೆಯಲ್ಲಿ ಯಾರಾದರೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುತ್ತಾರಾ? ಅದರಲ್ಲಿರುವುದು ಟಿ4, ಥೈರಾಯ್ಡ್ ಹಾರ್ಮೋನಿನ ಒಂದು ರೂಪ. ಅದೊಂಥರಾ ದೋಸೆಗೆ ನೆನೆಹಾಕಿದ ಅಕ್ಕಿ, ಇನ್ನೂ ರುಬ್ಬಬೇಕು. ಅದರ ನಾಲ್ಕು ಅಯೋಡಿನ್ ಪರಮಾಣುಗಳಲ್ಲಿ ಸರಿಯಾದ ಒಂದನ್ನು ಡಿಯೊ2 ಎಂಬ ಕಿಣ್ವ ಕಿತ್ತರೆ ಟಿ3 ಆಗುತ್ತದೆ. ನಿಜವಾಗಿ ಕೆಲಸ ಮಾಡುವುದು ಈ ಟಿ3. ಡಿಯೊ3 ಎಂಬ ಇನ್ನೊಂದು ಕಿಣ್ವ ಬೇರೆ ಜಾಗದ ಅಯೋಡಿನ್ ಕಿತ್ತು, ಎಲ್ಲವನ್ನೂ ನಿರುಪಯೋಗಿ ಮಾಡಿಬಿಡುತ್ತದೆ. ರಕ್ತದ ಟಿ4 ಟ್ಯಾಂಕಿನ ನೀರಿದ್ದಂತೆ, ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಿದುಳೆಂಬ ಅಡುಗೆಮನೆಯ ನಲ್ಲಿ, ಅಂದರೆ ಈ ಕಿಣ್ವಗಳನ್ನು, ತಿರುಗಿಸುವುದು ಮಾತ್ರ ಋತು.

ಸೈಬೀರಿಯನ್ ಹ್ಯಾಮ್‌ಸ್ಟರ್ ನೋಡಿ. ಬೇಸಿಗೆಯಲ್ಲಿ ಗಂಡಿನ ಒಂದೊಂದು ವೃಷಣ ಕಡಲೆಬೀಜದಷ್ಟಿರುತ್ತದೆ. ಹಗಲು ಚಿಕ್ಕದಾದ ಮೇಲೆ ಎರಡು ತಿಂಗಳೊಳಗೆ ಹೆಸರುಕಾಳಿನಷ್ಟಾಗುತ್ತದೆ. ಜೊತೆಗೆ ತೂಕ ಇಳಿಯುತ್ತದೆ, ತುಪ್ಪಳ ಬೆಳ್ಳಗಾಗುತ್ತದೆ. ಹೊಟ್ಟೆಯಲ್ಲಿ ಮರಿ ಬೆಳೆಯಲು ಅದಕ್ಕೆ ಬೇಕಾದದ್ದು ಸುಮಾರು 18 ದಿನ. ಹಾಗಾಗಿ ವಸಂತದಲ್ಲೇ ಕೂಡಿದರೂ ಮರಿಗಳಿಗೆ ಮೇವು ಸಿಗುತ್ತದೆ.

ಹಗಲಿನ ಉದ್ದ ಗೊತ್ತಾಗುವುದು ಮೆಲಟೋನಿನ್ ಎಂಬ ಹಾರ್ಮೋನಿನಿಂದ. ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ಅದನ್ನು ರಾತ್ರಿ ಮಾತ್ರ ಸುರಿಸುತ್ತದೆ. ರಾತ್ರಿ ಚಿಕ್ಕದಾದಂತೆ ಅದರ ಅವಧಿಯೂ ಚಿಕ್ಕದು. ಆಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕತ್ತಿನಂತಿರುವ ಪಾರ್ಸ್ ಟ್ಯೂಬರಾಲಿಸ್ ಭಾಗ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ತಯಾರಿಸಲು ಶುರು ಮಾಡುತ್ತದೆ. ಹೌದು, ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಬರುವ ಅದೇ ಟಿಎಸ್‌ಎಚ್! ಆದರೆ ಇದು ಕೆಳಗಿಳಿದು ಥೈರಾಯ್ಡ್ ಗ್ರಂಥಿಯನ್ನು ಕೆಣಕುವುದಿಲ್ಲ. ಮೇಲಕ್ಕೆ, ಮಿದುಳಿನ ಹೈಪೊಥಲಮಸ್ ಎಂಬ ಭಾಗದ ಟ್ಯಾನಿಸೈಟ್ ಕೋಶಗಳಿಗೆ ಹೋಗಿ ಡಿಯೊ2 ಏರಿಸುತ್ತದೆ, ಡಿಯೊ3 ಇಳಿಸುತ್ತದೆ. ಅಲ್ಲಿ ಟಿ3 ತುಂಬಿದ ಮೇಲೆ ಸಂತಾನಕ್ರಿಯೆಗೆ ಚಾಲನೆ ಕೊಡುವ ಕಿಸ್‌ಪೆಪ್ಟಿನ್ ನರಕೋಶಗಳ ದಾರಿಯಾಗಿ ಸುದ್ದಿ ವೃಷಣಕ್ಕೆ, ಅಂಡಾಶಯಕ್ಕೆ ಮುಟ್ಟುತ್ತದೆ.

ಅದೇ ಟಿಎಸ್‌ಎಚ್ ಥೈರಾಯ್ಡನ್ನು ಯಾಕೆ ಮುಟ್ಟುವುದಿಲ್ಲ? ನನಗೆ ತುಂಬ ಇಷ್ಟವಾದ ಭಾಗ ಇದು. ಅದಕ್ಕೆ ಅಂಟಿಕೊಂಡ ಸಕ್ಕರೆಯ ಸರಪಳಿ ಬೇರೆ ಥರದ್ದು. ರಕ್ತಕ್ಕೆ ಬಿದ್ದ ಕೂಡಲೇ ಅಲ್ಲಿನ ಪ್ರೋಟೀನ್‌ಗಳು ಅದನ್ನು ಹಿಡಿದುಬಿಡುತ್ತವೆ, ಗ್ರಂಥಿಯ ಹತ್ತಿರ ಹೋದರೂ ಕೆಲಸ ಮಾಡಲಾಗುವುದಿಲ್ಲ. ಜಪಾನಿನ ನಗೋಯಾದಲ್ಲಿ ತಕಾಶಿ ಯೋಶಿಮುರಾ ತಂಡ 2014ರಲ್ಲಿ ಇದನ್ನು ತೋರಿಸಿತು. ಇದೇ ತಂಡ 2003ರಲ್ಲೇ ಜಪಾನಿ ಲಾವಕ್ಕಿಯಲ್ಲಿ ಡಿಯೊ2 ಪಾತ್ರವನ್ನು ಕಂಡುಹಿಡಿದಿತ್ತು.

ಇದೆಲ್ಲ ಸುಮ್ನೆ ಜೊತೆಜೊತೆಗೆ ನಡೆಯುವುದಿರಬಹುದಲ್ವಾ ಅಂದರೆ, ಅಲ್ಲ. ಚಿಕ್ಕ ಹಗಲಿನಲ್ಲಿಟ್ಟ ಹ್ಯಾಮ್‌ಸ್ಟರ್‌ನ ಹೈಪೊಥಲಮಸ್‌ಗೆ ನೇರವಾಗಿ ಟಿ3 ಕೊಟ್ಟರೆ ವೃಷಣ ಕುಗ್ಗುವುದೇ ಇಲ್ಲ. ಆಗಲೇ ಕುಗ್ಗಿದ ಪ್ರಾಣಿಯ ಮಿದುಳಿಗೆ ಕೆಲವು ವಾರ ಟಿಎಸ್‌ಎಚ್ ಹರಿಸಿದರೆ ಮತ್ತೆ ಬೆಳೆಯುತ್ತದೆ. ಹೊರಗೆ ಇನ್ನೂ 'ಚಳಿಗಾಲ'ವೇ!

ಆದರೆ ಟಿ3 ಅಂದರೆ 'ಮರಿ ಹಾಕು' ಅಂತ ಓದಿಕೊಳ್ಳಬೇಡಿ. ಕುರಿಯಲ್ಲೂ ಇದೇ ನಲ್ಲಿ ಉದ್ದ ಹಗಲಿಗೇ ತೆರೆಯುತ್ತದೆ. ಆದರೆ ಐದು ತಿಂಗಳು ಗಬ್ಬ ಹೊರುವ ಕುರಿ ತಂಪು ದೇಶಗಳಲ್ಲಿ ಬೆದೆಗೆ ಬರುವುದು ಹಗಲು ಇಳಿಯುವಾಗ. ಟಿ3 ಹೇಳುವುದು 'ಬೇಸಿಗೆ ಬಂತು' ಅಂತ ಅಷ್ಟೇ, ಮುಂದಿನದು ಆಯಾ ಪ್ರಾಣಿಗೆ ಬಿಟ್ಟದ್ದು.

ಒಂದು ಎಚ್ಚರಿಕೆ. ಪ್ರಾಜೆಕ್ಟ್‌ಗಾಗಿ ಕೇಳುತ್ತಿದ್ದರೆ ಲ್ಯಾಬ್‌ನಲ್ಲಿ ಸುಲಭವಾಗಿ ಸಿಗುವ ಸಿ57 ಇಲಿಯನ್ನು ಆರಿಸಬೇಡಿ. ಆ ತಳಿಯಲ್ಲಿ ಮೆಲಟೋನಿನ್ ಇಲ್ಲವೆನ್ನುವಷ್ಟು ಕಡಿಮೆ. ಹಗಲು ಎಷ್ಟೇ ಚಿಕ್ಕದು ಮಾಡಿದರೂ ಅದು ಎಂದಿನಂತೆ ಮರಿ ಹಾಕುತ್ತಲೇ ಇರುತ್ತದೆ.