ಶಿವಮೊಗ್ಗದ ಪಿನ್‌ಕೋಡ್ 577201 ಅವಿಭಾಜ್ಯವೇ?

ಪ್ರಶ್ನೆ: ನಮ್ಮ ಶಿವಮೊಗ್ಗದ ಪಿನ್‌ಕೋಡ್ 577201. 2ರಿಂದ 13ರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದೆ, ಒಂದರಿಂದಲೂ ಹೋಗಲಿಲ್ಲ. ಹಾಗಾದರೆ ಇದು ಅವಿಭಾಜ್ಯವೇ? ಸಾಗರದ 577401 ಕಥೆ ಏನು?

ಉತ್ತರ: ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ಸಿಕ್ಕಿಬಿಡುತ್ತಿತ್ತು. 13ರ ನಂತರದ 17ರಿಂದಲೇ ಇದು ಶೇಷವಿಲ್ಲದೆ ಭಾಗವಾಗುತ್ತದೆ.

ಕ್ಯಾಲ್ಕುಲೇಟರ್ ಬೇಡ. ಬಿಡಿ ಸ್ಥಾನದ ಅಂಕಿಯನ್ನು ಕಿತ್ತು, ಅದರ ಐದು ಪಟ್ಟನ್ನು ಉಳಿದ ಸಂಖ್ಯೆಯಿಂದ ಕಳೆಯಿರಿ. 57720ರಿಂದ 5 ಕಳೆದರೆ 57715. ಮತ್ತೆ 5771ರಿಂದ 25 ಕಳೆದರೆ 5746. 574ರಿಂದ 30 ಹೋದರೆ 544. 54ರಿಂದ 20 ಹೋದರೆ 34, ಅಂದರೆ 17ರ ಎರಡರಷ್ಟು. 51 ಎಂಬುದು 17ರ ಮೂರರಷ್ಟು ಆಗಿರುವುದರಿಂದ ಈ ಉಪಾಯ ನಡೆಯುತ್ತದೆ. ಆದರೆ ನೆನಪಿಡಿ, ನಡುವೆ ಬರುವ 5746, 544 ಇವು ಭಾಗಲಬ್ಧಗಳಲ್ಲ. ಹಲವರು ಎಡವುವುದು ಇಲ್ಲೇ. ಭಾಗಲಬ್ಧ ಬೇಕಿದ್ದರೆ ಭಾಗಾಕಾರ ಮಾಡಲೇಬೇಕು: 577201 ÷ 17 = 33953.

ಇದಕ್ಕೆ 19ರ ಪರೀಕ್ಷೆ. ಈ ಬಾರಿ ಬಿಡಿ ಅಂಕಿಯ ಎರಡು ಪಟ್ಟನ್ನು ಕೂಡಿಸಬೇಕು. 3395 + 6 = 3401, 340 + 2 = 342, 34 + 4 = 38. ಹೋಗುತ್ತದೆ, ಭಾಗಲಬ್ಧ 1787.

ಎಲ್ಲಿಯವರೆಗೆ ನೋಡಬೇಕು ಎಂಬುದಕ್ಕೆ ಮಿತಿ ವರ್ಗಮೂಲ. 577201ರ ವರ್ಗಮೂಲ 759 ದಾಟಿ 760ಕ್ಕೆ ಸ್ವಲ್ಪ ಕಡಿಮೆ. ಅಲ್ಲಿಯವರೆಗೆ 134 ಅವಿಭಾಜ್ಯಗಳಿವೆ; ನೀವು ನೋಡಿದ್ದು ಆರು ಮಾತ್ರ. ಆದರೆ ಅಪವರ್ತನ ಸಿಕ್ಕಂತೆಲ್ಲ ಮಿತಿಯೂ ಇಳಿಯುತ್ತದೆ. 33953ಕ್ಕೆ 184 ಸಾಕು, 1787ಕ್ಕೆ 42. ಸಣ್ಣವು ಆಗಲೇ ಮುಗಿದಿವೆ. ಉಳಿದ 17, 19, 23, 29, 31, 37, 41ರಿಂದ 1787ನ್ನು ಭಾಗಿಸಿದರೆ ಶೇಷ ಕ್ರಮವಾಗಿ 2, 1, 16, 18, 20, 11, 24. ಅಲ್ಲಿಗೆ 1787 ಅವಿಭಾಜ್ಯ.

577201 = 17 × 19 × 1787.

ಮೂರು ಬೇರೆ ಬೇರೆ ಅವಿಭಾಜ್ಯಗಳು ಒಂದೊಂದೇ ಸಲ ಬಂದಿರುವುದರಿಂದ ಭಾಜಕಗಳು 2 × 2 × 2 = 8: 1, 17, 19, 323, 1787, 30379, 33953, 577201. ಇಷ್ಟು ಅಡಿಕೆಯನ್ನು ಅಂಗಳದಲ್ಲಿ ಒಂದೂ ಮಿಗದಂತೆ ಆಯತಾಕಾರದಲ್ಲಿ ಜೋಡಿಸುವುದಿದ್ದರೆ ನಾಲ್ಕೇ ದಾರಿ, ಅದರಲ್ಲೊಂದು ಉದ್ದನೆಯ ಒಂದೇ ಸಾಲು. ಚೌಕಕ್ಕೆ ಹತ್ತಿರದ ಜೋಡಣೆ ಎಂದರೆ 323 ಸಾಲು, ಸಾಲಿಗೆ 1787. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 66479, ಸಂಖ್ಯೆಯ ಎಂಟನೇ ಒಂದು ಭಾಗಕ್ಕೂ ಕಡಿಮೆ.

ಫರ್ಮಾ ಎಂಬ 17ನೇ ಶತಮಾನದ ಫ್ರೆಂಚ್ ಗಣಿತಜ್ಞನ ವಿಧಾನವೂ ಒಂದಿದೆ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 760ರ ವರ್ಗದಿಂದ 577201 ಕಳೆದರೆ 399. ಛೇ, ಒಂದು ಹೆಚ್ಚಿದ್ದರೆ 20ರ ವರ್ಗ! ಇಷ್ಟು ಹತ್ತಿರ ಬಂತಲ್ಲ ಎಂದು ಆಸೆಯಿಂದ 761, 762 ಎನ್ನುತ್ತಾ ಹೊರಟರೆ ಉತ್ತರ ಸಿಗುವುದು 1055ರಲ್ಲಿ (1055² − 732²), 296ನೇ ಪ್ರಯತ್ನಕ್ಕೆ. ಎರಡು ಅಪವರ್ತನಗಳು ಪರಸ್ಪರ ಹತ್ತಿರವಿದ್ದಾಗ ಮಾತ್ರ ಈ ವಿಧಾನ ಬೇಗ ಫಲ ಕೊಡುತ್ತದೆ. 323 ಮತ್ತು 1787 ಹತ್ತಿರದವಲ್ಲ.

ನಿಮ್ಮ 7, 11, 13ರ ಪರೀಕ್ಷೆಗಳನ್ನು ಒಂದೇ ಏಟಿಗೆ ಮುಗಿಸಬಹುದಿತ್ತು. 7 × 11 × 13 = 1001. ಹಾಗಾಗಿ ಮೂರು ಮೂರು ಅಂಕಿ ಬೇರ್ಪಡಿಸಿ, 577ರಿಂದ 201 ಕಳೆದು, ಬಂದ 376 ಈ ಮೂರರಿಂದ ಹೋಗುವುದೇ ಎಂದು ನೋಡಿದರೆ ಸಾಕು. ಹೋಗುವುದಿಲ್ಲ.

ಸಾಗರದ್ದು ಬೇರೆಯೇ ತರಹ. 577401ರ ಅಂಕಿಗಳ ಮೊತ್ತ 24, ಆದ್ದರಿಂದ 3ರಿಂದ ಹೋಗಿ 192467 ಉಳಿಯುತ್ತದೆ. ಅದು 11ರಿಂದ ಹೋಗಿ 17497. ಎರಡು ಅಪವರ್ತನ ಸಲೀಸಾಗಿ ಸಿಕ್ಕವು, ಆದರೆ ಕೊನೆಗೆ ಉಳಿದದ್ದು ದೊಡ್ಡದು. ಅದು ಅವಿಭಾಜ್ಯ ಎಂದು ಖಚಿತಪಡಿಸಲು 131ರವರೆಗೂ ಭಾಗಿಸುತ್ತಾ ಹೋಗಬೇಕು. ಯಾವುದರಿಂದಲೂ ಹೋಗುವುದಿಲ್ಲ: 577401 = 3 × 11 × 17497.